ಅಂಜುಬುರುಕ ಕಾಕಾನ ಮಾದರಿ ಪಾಠ

ನಮ್ಮ ಕಾಕಾನಷ್ಟು ಧೈರ್ಯವಂತ ಮನುಷ್ಯನನ್ನು ಹುಬ್ಬಳ್ಳಿ-ಧಾರವಾಡದ ನಡುವೆ ನಾನಂತೂ ಕಂಡಿಲ್ಲ. ನಗಬೇಡಿ. ನಾವು ನೀವು ಯಾವುದಕ್ಕೂ ಹೆದರದೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೇವೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಕಾಕಾ ಎದ್ದಾಗಿನಿಂದ ಶಾಲೆಯ ಗೇಟು ಮುಟ್ಟುವುದರೊಳಗೆ ಹನ್ನೆರಡು ಸಂಗತಿಗಳಿಗೆ ಹೆದರಿ ಮುಗಿಸಿರುತ್ತಿದ್ದ. ಆದರೂ ಹೋಗುತ್ತಿದ್ದ. ಮೂವತ್ತು ವರ್ಷ!

ಹನ್ನೆರಡರಲ್ಲಿ ಮೊದಲನೆಯದು ಪ್ರೆಶರ್ ಕುಕ್ಕರು. ಚಿಗವ್ವ ಒಲೆಯ ಮೇಲೆ ಕುಕ್ಕರ್ ಇಟ್ಟಳೆಂದರೆ ಅವಳ ಗಂಡನಾದ ನಮ್ಮ ಕಾಕಾ ಅಡುಗೆಮನೆಯ ಹೊಸ್ತಿಲಾಚೆ ಗೋಡೆಗೆ ಬೆನ್ನು ಹಚ್ಚಿ ನಿಂತು ಸೀಟಿ ಎಣಿಸುತ್ತಿದ್ದ. ಮೂರನೆಯದಕ್ಕೆ "ಆತು, ಆರಸು" ಎನ್ನುತ್ತಿದ್ದ. ನಾಲ್ಕನೆಯದು ಆಯಿತೆಂದರೆ ಮನೆ ಹಾರುತ್ತದೆ ಎಂದು ಅವನ ನಂಬಿಕೆ. ಹೈಸ್ಕೂಲಿನ ಗಣಿತದ ಮಾಸ್ತರ ನೋಡಿ, ಒಂದು ದಿನವೂ ಎಣಿಕೆ ತಪ್ಪಿದವನಲ್ಲ. "ನಮ್ಮ ಮನ್ಯಾಗ ಬ್ಯಾಳಿ ಕುದಸಾಕ ಇಬ್ರು ಬೇಕವಾ, ಒಬ್ರು ಒಳಗ, ಒಬ್ರು ಹೊರಗ" ಎಂದು ಚಿಗವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಉಳಿದವುಗಳಲ್ಲಿ ಸಿಡಿಲು, ಲಿಫ್ಟು, ಸಿಟಿ ಬಸ್ಸಿನ ಹಿಂದಿನ ಬಾಗಿಲು ಎಲ್ಲ ಸಾಧಾರಣದವು. ಅಸಾಧಾರಣವಾದದ್ದೆಂದರೆ ತನ್ನ ಹೆಸರು. ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಅದು ಎಲ್ಲಿಯೂ ಬರೆದಿರಬಾರದು. ಮನೆಯ ಬಾಗಿಲಿಗೆ ಫಲಕವಿಲ್ಲ. ಸಂಬಂಧಿಕರೊಬ್ಬರು ಮದುವೆಯ ಕಾರ್ಡಿನಲ್ಲಿ ಸುಖಾಗಮನ ಬಯಸುವವರ ಸಾಲಿಗೆ ಇವನನ್ನೂ ಸೇರಿಸಿಬಿಟ್ಟಾಗ ಕಾಕಾ ಆ ಮದುವೆಗೇ ಹೋಗಲಿಲ್ಲ. ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲ ತನ್ನ ಹೆಸರು ಓದಿಕೊಂಡೇ ಬಂದಿರುತ್ತಾರಲ್ಲ! ಈ ಪ್ರಬಂಧದಲ್ಲಿಯೂ ನಾನು ಅವನ ಹೆಸರು ಬರೆಯದಿರುವುದು ಅದಕ್ಕೇ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನನ್ನ ನೆನಪನ್ನು ನಾನು ನಂಬುವುದಿಲ್ಲ. ನೆನಪು ನಮಗೆ ಬೇಕಾದ್ದನ್ನು ದೊಡ್ಡದು ಮಾಡುತ್ತದೆ, ಬೇಡವಾದ್ದನ್ನು ಮೂಲೆಗೆ ಒತ್ತುತ್ತದೆ. ಅದಕ್ಕಾಗಿ ಎಂಟನೆಯ ಇಯತ್ತೆಯಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಮನೆಯಲ್ಲಿ ಯಾವ ವಾದ ಬಂದರೂ ನಾನು ಹೋಗಿ ಆ ವರ್ಷದ ನೋಟುಬುಕ್ಕು ತಂದು ತೋರಿಸುತ್ತೇನೆ. ಈ ಚಾಳಿಯಿಂದ ನನಗೆ ಗೆಳತಿಯರು ಕಡಿಮೆ.

ತೊಂಬತ್ತರ ದಶಕದಲ್ಲಿ ಮೂರು ವರ್ಷ ನಾನು ಕಾಕಾನ ಕೈಯಲ್ಲೇ ಗಣಿತ ಕಲಿತೆ. ಹಳೇ ಹುಬ್ಬಳ್ಳಿಯ ಗಲ್ಲಿಯೊಂದರ ತುದಿಗಿದ್ದ, ಹೆಣ್ಣುಮಕ್ಕಳ ಕನ್ನಡ ಹೈಸ್ಕೂಲು ಅದು. ಹೈಸ್ಕೂಲು ಮುಟ್ಟಿದ ಹುಡುಗಿಯರು ಪಾಟಿ ಬಳಪ ಹಿಡಿದು ಹೋಗುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾವು ಹೋಗುತ್ತಿದ್ದೆವು. ಕಾಕಾನ ತಾಸಿಗೆ ಪಾಟಿ ಕಡ್ಡಾಯ. ದಾರಿಯಲ್ಲಿ ಬೇರೆ ಶಾಲೆಯ ಹುಡುಗಿಯರು "ಬಾಲವಾಡಿ ಹೊಂಟೈತಿ ನೋಡ್ರೇ" ಎಂದು ನಗುತ್ತಿದ್ದರು. ಪಾಟಿಯನ್ನು ದುಪಟ್ಟಾದ ಕೆಳಗೆ ಮುಚ್ಚಿಕೊಂಡು ನಡೆಯುತ್ತಿದ್ದೆವು.

ಅವನ ಪದ್ಧತಿ ಹೀಗೆ. ಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತಿದ್ದ. ನಾವು ಪಾಟಿಯ ಮೇಲೆ ಬಿಡಿಸಬೇಕು. "ತೋರಸ್ರಿ" ಎಂದ ಕೂಡಲೆ ಪಾಟಿಯನ್ನು ಎದೆಗೆ ಆನಿಸಿ ಅವನ ಕಡೆಗೆ ಹಿಡಿಯಬೇಕು. ಎಲ್ಲರೂ ಮುಂದೆ ನೋಡಿ ಕುಳಿತವರಾದ್ದರಿಂದ ಒಬ್ಬಳ ಪಾಟಿ ಇನ್ನೊಬ್ಬಳಿಗೆ ಕಾಣುತ್ತಿರಲಿಲ್ಲ. ಎಲ್ಲವೂ ಕಾಣುತ್ತಿದ್ದದ್ದು ಅವನೊಬ್ಬನಿಗೆ. ಒಮ್ಮೆ ಕಣ್ಣಾಡಿಸಿ "ಅಳಸ್ರಿ" ಎನ್ನುತ್ತಿದ್ದ. ನಲವತ್ತು ಅಂಗೈಗಳು ಒಟ್ಟಿಗೇ ಅಳಿಸುತ್ತಿದ್ದವು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಭಾಳ ಮಂದಿದು ತಪ್ಪೇತಿ. ಮತ್ತೊಮ್ಮಿ ಮಾಡೂಣು" ಎಂದು ಅದೇ ಲೆಕ್ಕವನ್ನು ಮೊದಲಿನಿಂದ ಬಿಡಿಸುತ್ತಿದ್ದ. ದಿನಾಲೂ ಅದೇ ಮಾತು. ನಮ್ಮ ಕ್ಲಾಸಿನಷ್ಟು ದಡ್ಡ ಕ್ಲಾಸು ಇಡೀ ಜಿಲ್ಲೆಯಲ್ಲಿರಲಿಕ್ಕಿಲ್ಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಪಾಟಿ ಯಾಕೆ? ನೋಟುಬುಕ್ಕಿನಲ್ಲಿ ಬರೆದದ್ದು ಉಳಿಯುತ್ತದೆ, ತಪಾಸಣೆಯ ಸಾಹೇಬರು ಬಂದಾಗ ತೆಗೆದು ನೋಡುತ್ತಾರೆ, ಅದಕ್ಕೆ ಹೆದರುತ್ತಾನೆ ಎಂದು ಮನೆಯಲ್ಲಿ ನಾವು ನಿರ್ಧರಿಸಿದ್ದೆವು. ಕಾಕಾನ ಬಗ್ಗೆ ಏನು ಕೇಳಿದರೂ 'ಹೆದರಿಕೆ' ಎಂದರೆ ಉತ್ತರ ಸರಿಹೋಗುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು, ಆ ಶಾಲೆಗೆ ಐದು ಕಂಪ್ಯೂಟರು ಬಂದವು. ಒಂದು ಕೋಣೆಗೆ ಬಣ್ಣ ಹಚ್ಚಿ, ಪರದೆ ಬಿಟ್ಟು, ಬೀಗ ಹಾಕಿ ಅವನ್ನು ಕೂಡಿಸಿದರು. ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ನಾನಾಗ ಧಾರವಾಡದಲ್ಲಿ ಎಂ.ಎ. ಮುಗಿಸಿ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೋರ್ಸು ಮಾಡುತ್ತ ಕಾಕಾನ ಮನೆಯಲ್ಲೇ ಇದ್ದೆ. ಮೂರು ವರ್ಷ ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದ ಗೆಳತಿಯೊಬ್ಬಳು ಅಷ್ಟರಲ್ಲಿ ಅದೇ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದಿದ್ದಳು. ಅಲ್ಲಿಯ ಸುದ್ದಿಯೆಲ್ಲ ನನಗೆ ಅವಳಿಂದಲೇ.

ಮೊದಲ ಸುದ್ದಿ ಇದು. ಕಾಕಾ ಹುಡುಗಿಯರನ್ನು ಕರೆದುಕೊಂಡು ಆ ಕೋಣೆಗೆ ಹೋಗಿ ಬಾಗಿಲ ಹತ್ತಿರವೇ ನಿಂತಿದ್ದಾನೆ. ಕರೆಂಟು ಹೋಯಿತು. ಹುಬ್ಬಳ್ಳಿಯಲ್ಲಿ ಅದೇನು ವಿಶೇಷ? ಆದರೆ ಮೇಜಿನ ಕೆಳಗಿದ್ದ ಯುಪಿಎಸ್ ಪೆಟ್ಟಿಗೆ ಕೀಂ, ಕೀಂ ಎಂದು ಕೂಗತೊಡಗಿತು. ಸೀಟಿ ಹೊಡೆಯುವ ಪೆಟ್ಟಿಗೆಗಳ ವಿಷಯದಲ್ಲಿ ನಮ್ಮ ಕಾಕಾನ ಅನುಭವ ನಿಮಗೆ ಗೊತ್ತೇ ಇದೆ. ಮೂರನೆಯ ಕೂಗಿಗೆ ಹುಡುಗಿಯರನ್ನೆಲ್ಲ ಬರಿಗಾಲಿನಲ್ಲೇ ಹೊರಗೆ ಹೊರಡಿಸಿ ಬೇವಿನ ಗಿಡದ ಕೆಳಗೆ ಸಾಲು ನಿಲ್ಲಿಸಿದ. ತಾನು ಮಾತ್ರ ಬೆಂಕಿ ಆರಿಸುವ ಕೆಂಪು ಮರಳಿನ ಬಕೆಟ್ಟು ಎತ್ತಿಕೊಂಡು ಹೋಗಿ ಕೋಣೆಯ ಬಾಗಿಲಲ್ಲಿ ನಿಂತ. ಬಕೆಟ್ಟಿನಿಂದ ಮರಳು ಉದುರುತ್ತಿತ್ತಂತೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಪೆಟ್ಟಿಗೆ ಸುಮ್ಮನಾಯಿತು. ತಾನು ಮರಳು ತೋರಿಸಿದ್ದರಿಂದಲೇ ಅದು ಸುಮ್ಮನಾಯಿತೆಂದು ಕಾಕಾ ಇಂದಿಗೂ ನಂಬಿದ್ದಾನೆ!

ಈ ಕಥೆಯನ್ನು ನಾನು ಹತ್ತು ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಹೇಳುವಾಗ ಹುಡುಗಿಯರು ಗಿಡದ ಕೆಳಗಿದ್ದರು, ಅವನು ಬಾಗಿಲಲ್ಲಿದ್ದ ಎಂಬುದನ್ನು ಎಷ್ಟು ಸಲ ಬಿಟ್ಟು ಹೇಳಿದೆನೋ, ದಿನಚರಿಯಲ್ಲಿ ಬರೆದಿಲ್ಲ.

ಆ ವರ್ಷವೇ ಮೇಲಿನಿಂದ ಆದೇಶ ಬಂತು. ಇಂಟರ್ನೆಟ್ಟಿನ ಮೂಲಕ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು. ಸಾಹೇಬರು ಬಂದು ನೋಡುತ್ತಾರೆ. ಬಳಸದೆ ಇಟ್ಟಿದ್ದರೆ ಕಂಪ್ಯೂಟರುಗಳನ್ನು ಬೇರೆ ಶಾಲೆಗೆ ಕೊಡುತ್ತಾರೆ. ಹೆಡ್ ಮೇಡಂ ಸಭೆ ಕರೆದು ಯಾರು ಮಾಡುತ್ತೀರಿ ಎಂದು ಕೇಳಿದರು. ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಮಗಳ ಬಾಣಂತನ. ಕಾಕಾ "ನನ್ನ ಕೈಲೆ ಆಗೂದಿಲ್ರಿ" ಎನ್ನಲೆಂದೇ ಎದ್ದು ನಿಂತ. ಹೆದರಿಕೆಗೆ ಸ್ವರ ಹೊರಡಲಿಲ್ಲ. ಎದ್ದು ನಿಂತವರೇ ಒಪ್ಪಿದವರೆಂದು ಮೇಡಂ ಬರೆದುಕೊಂಡರು. ಉಳಿದವರು ಚಪ್ಪಾಳೆ ತಟ್ಟಿದರು.

ಅವನನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ದುರ್ಗದ ಬೈಲಿನ ಹತ್ತಿರದ ನೆಟ್ ಸೆಂಟರಿಗೆ ಕರೆದುಕೊಂಡು ಹೋದೆ. ಆಗಿನ ನೆಟ್ ಸೆಂಟರುಗಳು ನಿಮಗೆ ನೆನಪಿರಬೇಕು: ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡು, ಒಂದೊಂದಕ್ಕೂ ಒಂದೊಂದು ಪರದೆ. ಪರದೆಯ ಹಿಂದೆ ಕುಳಿತದ್ದನ್ನು ಶಾಲೆಯ ಹುಡುಗಿಯರ ಪಾಲಕರು ಯಾರಾದರೂ ಕಂಡರೆ ಏನು ತಿಳಿದುಕೊಂಡಾರು? ಕಾಕಾ ಮನೆಯಿಂದ ಸುತಳಿ ತಂದಿದ್ದ. ಪರದೆಯನ್ನು ಮೇಲೆತ್ತಿ ಕಟ್ಟಿ, ಗಂಟು ಭದ್ರವಿದೆಯೇ ಎಂದು ಎರಡು ಸಲ ಜಗ್ಗಿ ನೋಡಿ ಆಮೇಲೆ ಕುಳಿತ. ಮೌಸನ್ನು ಮುಟ್ಟುವಾಗ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವುತ್ತಾರಲ್ಲ, ಹಾಗೆ ಮುಟ್ಟಿ ತಟ್ಟನೆ ಕೈ ಹಿಂದೆಗೆಯುತ್ತಿದ್ದ.

ಪಾಠಕ್ಕೆಂದು ನಾನು ಹುಡುಕಿಟ್ಟಿದ್ದು ಹೊರದೇಶದವರು ಮಾಡಿದ ಒಂದು ಗಣಿತದ ಪುಟ. ಮೊದಲು ಹೆಸರು ಬರೆಯಬೇಕು. ಒಂದು ಲೆಕ್ಕ ಬರುತ್ತದೆ, ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಚಪ್ಪಾಳೆ ಕೇಳಿಸಿ ಹೆಸರು ಪಟ್ಟಿಯಲ್ಲಿ ಮೇಲೇರುತ್ತದೆ. ತಪ್ಪಿದರೆ ಕತ್ತೆ ಒದರಿದ ಹಾಗೆ ಒಂದು ಸದ್ದು. ಹೆಸರು ಕೆಂಪಾಗಿ ಕೆಳಗಿಳಿಯುತ್ತದೆ. ಅಂಕಿಗಳಿಗೆ ಇಂಗ್ಲಿಷು ಬೇಕಿಲ್ಲ, ನಮ್ಮ ಹುಡುಗಿಯರಿಗೆ ಹೇಳಿ ಮಾಡಿಸಿದ್ದು ಎಂದು ನನಗೆ ಬಹಳ ಹೆಮ್ಮೆ.

ಮೊದಲು ನಾನೇ ಮಾಡಿ ತೋರಿಸುತ್ತೇನೆಂದು ನನ್ನ ಹೆಸರು ಹಾಕಿದೆ. ಲೆಕ್ಕ ಬಂತು. ಒತ್ತಿದೆ. ತಪ್ಪು. ಕತ್ತೆ ಒದರಿತು. ಉಳಿದ ಗೂಡುಗಳ ಪರದೆ ಸರಿಸಿ ನಾಲ್ಕಾರು ಮುಖಗಳು ಇಣುಕಿದವು. ನಾನು ನಗುತ್ತ ಕಾಕಾನ ಕಡೆ ತಿರುಗಿದರೆ ಅವನು ಬಿಳಿಚಿಕೊಂಡಿದ್ದ. ಎದ್ದವನೇ ಎರಡೂ ಅಂಗೈಗಳನ್ನು ಮಾನಿಟರಿನ ಮೇಲೆ ಒತ್ತಿ, ಕೆಂಪಗೆ ಹೊಳೆಯುತ್ತಿದ್ದ ನನ್ನ ಹೆಸರನ್ನು ಮುಚ್ಚಿಬಿಟ್ಟ. ಮಾನಿಟರ್ ಮುಟ್ಟಬ್ಯಾಡ್ರೀ ಎಂದು ಸೆಂಟರಿನವನು ಓಡಿಬಂದ.

"ಅದು ಯಾಕ ಅಷ್ಟ ಒದರತೈತಿ?" ಎಂದ ಕಾಕಾ, ಕೈ ತೆಗೆಯದೆ.

"ತಪ್ಪಾತಲ್ಲ ಕಾಕಾ, ಅದಕ್ಕ."

"ತಪ್ಪಾತಂದ್ರ ಊರಿಗೆಲ್ಲಾ ಹೇಳಬೇಕೇನು?"

ಸದ್ದು ಕಡಿಮೆ ಮಾಡಬಹುದು ಎಂದೆ. ಹೆಸರು? ಹೆಸರು ಮಾತ್ರ ಕಾಣುತ್ತದೆ, ಅದೇ ಅದರ ಮಜಾ ಎಂದೆ. ಹೆದರಿಕೆಯ ಪಟ್ಟಿಗೆ ಕತ್ತೆಯೂ ಸೇರಿತು ಎಂದು ನಾನು ಅಂದುಕೊಂಡೆ. ಅಂದಿನ ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ.

ಮಾರನೆಯ ದಿನ ಕಾಕಾ ರಾಜೀನಾಮೆ ಬರೆದ. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು. ಆರೋಗ್ಯದ ಕಾರಣದಿಂದ ಎಂದು ಎರಡೇ ಸಾಲು. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ದಿನಾಲೂ ಶಾಲೆಗೆ ಹೋಗುತ್ತಿದ್ದ, ದಿನಾಲೂ ಹಾಗೇ ತರುತ್ತಿದ್ದ. ಕೊಡಲಿಕ್ಕೆ ಮೇಡಂ ಕೋಣೆಗೆ ಹೋಗಬೇಕಲ್ಲ, ಅದಕ್ಕೂ ಹೆದರಿಕೆ! ಚಿಗವ್ವನಿಗೆ ಗೊತ್ತಾಯಿತು.

"ಈಗ ಬಿಟ್ಟ ಮನ್ಯಾಗ ಕುಂತು ಏನ್ ಮಾಡ್ತೀರಿ? ಮುಂಜಾನಿಂದ ಸಂಜಿ ತನಕಾ ಸೀಟಿ ಎಣಸ್ತೀರೇನು?"

"ಎಣಸ್ತೇನಿ," ಎಂದ ಕಾಕಾ. "ಮಾದರಿ ಪಾಠದ ದಿನಾ ಮೈ ನೆಟ್ಟಗ ಇರಲಿಲ್ಲಂದ್ರ ಅಲ್ಲೇ ಕೊಟ್ಟ ಬರ್ತೇನಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ಆ ವಾರವೆಲ್ಲ ಅವನ ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯುತ್ತಿತ್ತು. ನನಗೂ ಹೆದರಿಕೆ ಹತ್ತಿಕೊಂಡಿತು. ಮೂವತ್ತು ವರ್ಷ ನಡೆಸಿದ ಕೆಲಸವನ್ನು ಈ ಮನುಷ್ಯ ನಾನು ಹುಡುಕಿಕೊಟ್ಟ ಒಂದು ಕತ್ತೆಯ ಸದ್ದಿಗಾಗಿ ಬಿಟ್ಟುಬಿಟ್ಟರೆ?

ಆ ದಿನ ಬಂತು. ಬಾಡಿಗೆಯ ಪ್ರೊಜೆಕ್ಟರ್ ತಂದಿದ್ದರು. ಗೋಡೆಯ ಹಳದಿ ಬಣ್ಣದ ಮೇಲೆ ಅಕ್ಷರ ಕಾಣುವುದಿಲ್ಲವೆಂದು ಕಾಕಾನದೇ ಒಗೆದ ಬಿಳಿ ಧೋತರ ಕಟ್ಟಿದ್ದರು. ಮುಂದಿನ ಕುರ್ಚಿಗಳಲ್ಲಿ ಮೂವರು ಸಾಹೇಬರು, ಅವರ ಪಕ್ಕ ಹೆಡ್ ಮೇಡಂ. ಹಿಂದೆ ನೆಲದ ಮೇಲೆ ಒಂಬತ್ತನೆಯ ಇಯತ್ತೆಯ ಮೂವತ್ತೆಂಟು ಹುಡುಗಿಯರು, ಬರಿಗಾಲಲ್ಲಿ. ಮೂಲೆಯಲ್ಲಿ ಮರಳಿನ ಬಕೆಟ್ಟು. ನೆಟ್ಟು ಕೈಕೊಟ್ಟರೆ ನೋಡಲೆಂದು ನಾನು ಮತ್ತು ಗೆಳತಿ ತಂತಿಗಳ ನಡುವೆ ಕುಳಿತಿದ್ದೆವು. ಆ ಪುಟ ತೆರೆದುಕೊಳ್ಳುವುದರೊಳಗೆ ನನ್ನ ಅಂಗೈ ಎರಡು ಸಲ ಒರೆಸಿಕೊಂಡೆ.

ಮೊದಲ ಹುಡುಗಿಯನ್ನು ಕರೆದರು. ಸಣಕಲಿ, ಎಣ್ಣೆ ಹಚ್ಚಿದ ಎರಡು ಜಡೆ. ಕೀಲಿಗಳ ಮೇಲೆ ಬೆರಳಿಟ್ಟಳು. ಹಿಂದೆ ತಿರುಗಿ ಸಾಹೇಬರನ್ನು ನೋಡಿದಳು, ಧೋತರದ ಮೇಲೆ ಖಾಲಿ ಹೊಳೆಯುತ್ತಿದ್ದ ಜಾಗ ನೋಡಿದಳು. "ಸರ್ರ, ನನ್ನ ಹೆಸರ ಹಾಕಲ್ರಿ?" ಎಂದಳು, ಅಳುವ ಧ್ವನಿಯಲ್ಲಿ.

ಕಾಕಾನ ಕೈ ಕಿಸೆಗೆ ಹೋಯಿತು. ಮುಗಿಯಿತು, ಅರ್ಜಿ ಹೊರಗೆ ಬಂತು ಎಂದು ನಾನು ಕಣ್ಣು ಮುಚ್ಚಿದೆ.

"ನಿನ್ನ ಹೆಸರ ಬ್ಯಾಡ ತಂಗಿ," ಎಂಬ ಮಾತು ಕೇಳಿಸಿತು. "ನನ್ನ ಹೆಸರ ಹಾಕು."

ಅವಳು ಹಾಕಿದಳು. ಮದುವೆಯ ಕಾರ್ಡಿನಲ್ಲಿ ಕಂಡು ಮದುವೆಯನ್ನೇ ಬಿಟ್ಟಿದ್ದ ಆ ಹೆಸರು ಗೇಣುದ್ದದ ಅಕ್ಷರಗಳಲ್ಲಿ ಅವನದೇ ಧೋತರದ ಮೇಲೆ ಮೂಡಿತು. ಲೆಕ್ಕ ಬಂತು, ಹುಡುಗಿ ಒತ್ತಿದಳು, ಕತ್ತೆ ಒದರಿತು, ಹೆಸರು ಕೆಂಪಾಯಿತು. ಕಾಕಾ ಬೆವರುತ್ತಿದ್ದ. ಸಾಹೇಬರ ಕಡೆ ತಿರುಗಿ, "ತಪ್ಪಾತ್ರಿ, ನಂದ ತಪ್ಪು" ಎಂದ. ಹಲಗೆಯ ಹತ್ತಿರ ಹೋಗಿ ಆ ಲೆಕ್ಕವನ್ನು ಮೊದಲಿನಿಂದ ಬಿಡಿಸಿದ. ಎರಡನೆಯವಳು ಬಂದಳು. ಅವಳಿಗೂ, "ನನ್ನ ಹೆಸರ ಹಾಕು." ಮೂರನೆಯವಳಿಗೂ. ಒಮ್ಮೆ ಚಪ್ಪಾಳೆ, ಒಮ್ಮೆ ಕತ್ತೆ. ಪ್ರತಿ ಸಲ ಕತ್ತೆ ಒದರಿದಾಗಲೂ ಕಾಕಾ ಬೆಚ್ಚುತ್ತಿದ್ದ, "ನಂದ ತಪ್ಪು" ಎನ್ನುತ್ತಿದ್ದ, ಹಲಗೆಗೆ ಹೋಗುತ್ತಿದ್ದ. ಆರನೆಯವಳ ಹೊತ್ತಿಗೆ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಹತ್ತನೆಯವಳ ಹೊತ್ತಿಗೆ ಐದೂ ಕಂಪ್ಯೂಟರುಗಳ ಮುಂದೆ ನಾ ಮುಂದೆ ತಾ ಮುಂದೆ ಎಂದು ನೂಕಾಟ ನಡೆದಿತ್ತು. ಸರ್ರ ಹೆಸರಿಗೆ ಕತ್ತೆ ಒದರಿಸುವ ಭಾಗ್ಯ ಯಾವ ವಿದ್ಯಾರ್ಥಿನಿಗೆ ಬೇಡ!

ಕೊನೆಗೆ ಪಟ್ಟಿ ಬಂತು. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು, ಮೂವತ್ತೆಂಟು ಸಲ.

ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಮಾಸ್ತರ, ಒಂದನೇ ನಂಬರೂ ನೀವ, ಕಡೇ ನಂಬರೂ ನೀವ?"

"ಹೌದ್ರಿ ಸಾಹೇಬ್ರ," ಎಂದ ಕಾಕಾ. "ಕ್ಲಾಸ ನಂದಲ್ರಿ?"

ವಿದ್ಯಾರ್ಥಿಗಳ ಹೆಸರು ನಮೂದಿಸುವುದು ಈ ಶಿಕ್ಷಕರಿಗೆ ತಿಳಿದಿಲ್ಲ, ತರಬೇತಿಗೆ ಕಳಿಸತಕ್ಕದ್ದು ಎಂದು ಸಾಹೇಬರು ಬರೆದು ಹೋದರು. ಕಂಪ್ಯೂಟರುಗಳು ಉಳಿದವು. ಅರ್ಜಿಯ ಗತಿ ಎರಡು ದಿನದ ಮೇಲೆ ತಿಳಿಯಿತು. ಚಿಗವ್ವ ಹಿತ್ತಿಲಿನಿಂದ ಕೇಳಿದಳು, "ಏನ್ರಿ, ನಿಮ್ಮ ರಾಜೀನಾಮಿ ಅಂಗಿ ಜೋಡಿ ಒಗದೇನಿ. ಒಣಾ ಹಾಕ್ಲೋ, ಚೆಲ್ಲಿ ಬಿಡ್ಲೋ?" ಕಾಕಾ ಹೊಸದು ಬರೆಯಲಿಲ್ಲ.

ನಗೆಯ ಕಥೆಯಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಆ ದಿನ ಎಲ್ಲರೂ ಹೋದ ಮೇಲೆ ಗೆಳತಿ ಮತ್ತು ನಾನು ಆ ಧೋತರ ಬಿಚ್ಚಿ ಮಡಚುತ್ತಿದ್ದೆವು. ಅವಳು ಒಂದು ತುದಿ, ನಾನು ಒಂದು ತುದಿ.

"ನಿಮ್ಮ ಕಾಕಾ ಅಂದೂ ಹಂಗ, ಇಂದೂ ಹಂಗ," ಎಂದಳು. "ಪಾಟಿ ಹೋಗಿ ಧೋತರ ಬಂತು, ಅಷ್ಟ. ಆದ್ರ ಒಂದು ಮಾತು ನನಗ ಇವತ್ತಿನ ತನಕಾ ತಿಳದಿಲ್ಲ ನೋಡ. ದಿನಾ 'ಭಾಳ ಮಂದಿದು ತಪ್ಪೇತಿ' ಅಂತಿದ್ರಲ್ಲ? ನಂದಂತೂ ತಪ್ಪತಿರಲಿಲ್ಲ. ಬಾಜೂದಾಕಿದು ಬರೀವಾಗ ವಾರೆಗಣ್ಣಿಲೆ ನೋಡ್ತಿದ್ದೆ, ಆಕಿದೂ ತಪ್ಪತಿರಲಿಲ್ಲ. ಆಮ್ಯಾಲೆ ಸಿಕ್ಕ ಸಿಕ್ಕವರನ್ನ ಕೇಳೇನಿ, ಎಲ್ಲಾರೂ ನಂದು ಬರೋಬ್ಬರಿ ಇರ್ತಿತ್ತು ಅಂತಾರ. ಆ ಭಾಳ ಮಂದಿ ಯಾರಿದ್ರು?"

ನಾನು ಧೋತರದ ಅಂಚು ಸರಿಮಾಡುತ್ತ, ಯಾರಿದ್ದರೋ ಏನೋ ಎಂದೆ.

ಮನೆಗೆ ಬಂದು ಟ್ರಂಕು ತೆಗೆದೆ. ಹಳೆಯ ದಿನಚರಿಯನ್ನು ತೆಗೆಯಲು ಅಷ್ಟು ಹೆದರಿದ್ದು ನನಗೆ ಬೇರೆ ನೆನಪಿಲ್ಲ. ಎಂಟನೆಯ ಇಯತ್ತೆ, ಸೋಮವಾರ: 'ಗಣಿತ. ಬಹಳ ಮಂದಿಯದು ತಪ್ಪಾಯಿತು. ನನ್ನದೂ.' ಮಂಗಳವಾರ: 'ಇಂದೂ ಬಹಳ ಮಂದಿಯದು ತಪ್ಪು. ನನ್ನದೂ.' ಪುಟ ತಿರುವಿದಷ್ಟೂ ಅದೇ. ಒಂದು ಕಡೆಯೂ ಅಳು ಇಲ್ಲ, ನಾಚಿಕೆ ಇಲ್ಲ. ಎಲ್ಲರ ಜೊತೆಗೆ ತಪ್ಪು ಮಾಡಿದ ಹುಡುಗಿಯ ಸಂತೋಷದ ಬರವಣಿಗೆ. ಒಂಬತ್ತನೆಯ ಇಯತ್ತೆಯ ನಡುವೆ ಎಲ್ಲೋ ಒಂದು ಪುಟದಲ್ಲಿ ಮಾತ್ರ ಬೇರೆ ಇತ್ತು: 'ಇಂದು ಯಾರದೂ ತಪ್ಪಾಗಲಿಲ್ಲ ಎಂದರು. ನನ್ನದೂ ಸರಿ ಇತ್ತು. ಕಾಕಾ ಖುಷಿಯಲ್ಲಿ ಹಲಗೆ ಒರೆಸದೇ ಹೋಗಿಬಿಟ್ಟರು.'

ನೆನಪು ಸುಳ್ಳು ಹೇಳುತ್ತದೆಂದು ದಿನಚರಿ ಇಟ್ಟವಳು ನಾನು. ಅದರೊಳಗೆ ಬಂದು ಕುಳಿತಿದ್ದ ಈ ಸುಳ್ಳು ಯಾರದು? ತಿದ್ದಬೇಕೆಂದು ಪೆನ್ನು ಹಿಡಿದೆ. ಎಷ್ಟೋ ಹೊತ್ತು ಹಿಡಿದಿದ್ದು, ಮುಚ್ಚಳ ಹಾಕಿ ಇಟ್ಟೆ.

ಆ ಭಾನುವಾರ ಚಿಗವ್ವ ಕುಕ್ಕರ್ ಇಟ್ಟು, ನೋಡಿಕೊ ಎಂದು ನನಗೆ ಹೇಳಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ನಾನು ಒಳಗೆ, ಕಾಕಾ ಎಂದಿನಂತೆ ಹೊಸ್ತಿಲಾಚೆ ಗೋಡೆಗೆ ಬೆನ್ನು ಹಚ್ಚಿ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವನಿಗೆ ಕಾಣುತ್ತಿರಲಿಲ್ಲ. ಕೇಳಲು ಅದೇ ಧೈರ್ಯ ಕೊಟ್ಟಿತು.

"ಕಾಕಾ, ನಮ್ಮ ಕ್ಲಾಸಿನ್ಯಾಗ ಆ ಭಾಳ ಮಂದಿ ಯಾರಿದ್ರು?"

ಒಂದು ಸೀಟಿ ಆಯಿತು. ಎರಡಾಯಿತು. ಮೂರನೆಯದಾಯಿತು. "ಆತು, ಆರಸು" ಎಂಬ ಮಾತಿಗೆ ಕೈ ಗುಂಡಿಯ ಮೇಲಿಟ್ಟು ಕಾದೆ. ಬರಲಿಲ್ಲ. ಕುಕ್ಕರು ನಾಲ್ಕನೆಯ ಸೀಟಿ ಹೊಡೆಯಿತು. ಮನೆ ಹಾರಲಿಲ್ಲ.

"ಎಷ್ಟಾದ್ವು ಯವ್ವಾ?" ಎಂದ ಕಾಕಾ.

ನಾನು ಒಲೆ ಆರಿಸಿದೆ. "ನಂದು ಎಣಿಕಿ ತಪ್ಪೇತಿ ಕಾಕಾ."

"ಇರ್ಲಿ," ಎಂದ. "ನಂದೂ ತಪ್ಪೇತಿ."